ಕಿಟಕಿಗಳ ಕಾರುಬಾರು

ಐಪ್ಯಾಡಿಗೆ ಪರದೆಯನ್ನು ಎರಡು ಪಾಲು ಮಾಡುವ ಸ್ಪ್ಲಿಟ್ ವ್ಯೂ, ಪಕ್ಕದಿಂದ ಇಣುಕುವ ಸ್ಲೈಡ್ ಓವರ್ ಎರಡೂ ಬಂದದ್ದು 2015ರಲ್ಲಿ. ಎಡಕ್ಕೆ ಕ್ರಿಕೆಟ್, ಬಲಕ್ಕೆ ಆಫೀಸಿನ ಮೀಟಿಂಗ್ ಇಟ್ಟುಕೊಂಡು ಎರಡಕ್ಕೂ ತಲೆಯಾಡಿಸುವ ವಿದ್ಯೆ ಅಂದಿನಿಂದ ಜನಕ್ಕೆ ಕರಗತ.

2025ರ ಸೆಪ್ಟೆಂಬರಿನಲ್ಲಿ ಐಪ್ಯಾಡ್ ಓಎಸ್ 26 ಬಂತು ನೋಡಿ, ಆ ಹಳೆಯ ಜೋಡಿ ಮಾಯ! ಈಗ ಪ್ರತಿ ಆ್ಯಪೂ ಒಂದು ಕಿಟಕಿ. ಮೂಲೆ ಹಿಡಿದೆಳೆದರೆ ಹಿಗ್ಗುತ್ತದೆ, ತಳ್ಳಿದರೆ ಕುಗ್ಗುತ್ತದೆ, ಸುಮ್ಮನೆ ಬಿಟ್ಟರೆ ಒಂದರ ಮೇಲೊಂದು ಹತ್ತಿ ಕೂರುತ್ತದೆ. ಎಡಮೂಲೆಯಲ್ಲಿ ಕೆಂಪು, ಹಳದಿ, ಹಸಿರು ಚುಕ್ಕಿಗಳು. ಬೆಂಗಳೂರಿನವರಿಗೆ ಸಿಗ್ನಲ್ ಹೊಸದೇನಲ್ಲ. ಆದರೆ ಇಲ್ಲಿ ಕೆಂಪು ಮುಟ್ಟಿದರೆ ನಿಲ್ಲಿಸುವುದಿಲ್ಲ, ಅಂಗಡಿಯನ್ನೇ ಮುಚ್ಚಿಸುತ್ತದೆ. ಹಸಿರು ಮುಟ್ಟಿದರೆ ಆ ಕಿಟಕಿಯೊಂದೇ ಇಡೀ ಪರದೆಗೆ ಹರಡಿಕೊಳ್ಳುತ್ತದೆ. ಹಸಿರನ್ನು ಒತ್ತಿ ಹಿಡಿದರೆ ಪರದೆಯನ್ನು ಪಾಲು ಮಾಡುವ ದಾರಿ ಕಾಣುತ್ತದೆ. ಅಷ್ಟು ಹೊತ್ತು ಹಿಡಿಯುವ ತಾಳ್ಮೆ ಯಾರಿಗಿದೆ?

ಬಳಕೆದಾರರ ಗೊಣಗಾಟದ ನಡುವೆ 26.1ರಲ್ಲಿ ಸ್ಲೈಡ್ ಓವರ್ ಹೊಸ ವೇಷದಲ್ಲಿ ವಾಪಸಾಯಿತು. ಅಷ್ಟರಲ್ಲಿ ಕೆಲವರಿಗೆ ಕಿಟಕಿಗಳೇ ಒಗ್ಗಿಹೋಗಿದ್ದವು.

ಈ ಯಾವ ಉಸಾಬರಿಯೂ ಬೇಡವೆನ್ನುವವರು ಸೆಟ್ಟಿಂಗ್ಸ್‌ಗೆ ಹೋಗಿ 'ಫುಲ್ ಸ್ಕ್ರೀನ್ ಆ್ಯಪ್ಸ್' ಆರಿಸಿಕೊಳ್ಳಿ. ಒಂದು ಹೊತ್ತಿಗೆ ಒಂದೇ ಕೆಲಸ ಮಾಡಿ. ಕೆಲಸ ಬೇಗ ಮುಗಿದರೆ, ದಯವಿಟ್ಟು ಆಫೀಸಿನಲ್ಲಿ ಹೇಳಬೇಡಿ.