ಕಲಂ 248 ಗೋಡೆ ಬಿಟ್ಟು ಮಾತಾಡಿದಾಗ

(ಪುಣೆಯ ಖಡಕಿ ಬಜಾರಿನ ಗಲ್ಲಿಯೊಂದರಲ್ಲಿ, ಪರವಾನಗಿಯಿಲ್ಲದೆ ಏಳುತ್ತಿರುವ ಮೂರನೇ ಮಹಡಿಯ ಬುಡಕ್ಕೆ ಅಂಟಿಸಿದ ನೋಟಿಸಿನ ಸಂದರ್ಶನವಿದು. ಇಂಥ ಕಟ್ಟಡದ ದೂರು ಹಿಡಿದು ಅಲೆದವರಿಗೆ ಪೀಠಿಕೆ ಬೇಕಾಗಿಲ್ಲ.)

ನಾವು: ನಮಸ್ಕಾರ. ಈ ಮನೆಯ ಮೆಟ್ಟಿಲು ಫುಟ್‌ಪಾತ್ ನುಂಗಿದೆಯಲ್ಲ...

ನೋಟಿಸು: ಮೊದಲು ಅಂಟಿನ ವಿಷಯ ಕೇಳಿ. ನನ್ನ ಹಿಂದಿರುವುದು ಸಂಸತ್ತಿನ ಕಾಯ್ದೆ, 2006ರ ಕಂಟೋನ್ಮೆಂಟ್ ಕಾಯ್ದೆಯ ಕಲಂ 248. ಅಂಟು ಮಾತ್ರ ಮೈದಾ ಹಿಟ್ಟಿನದು! ಒಂದು ಮಳೆಗೆ ಎಡಗಿವಿ ಹೋಯಿತು. ಬಲಗಿವಿ ಮೇಲೆ ಟ್ಯೂಷನ್ನಿನವನು ಚೀಟಿ ಹಚ್ಚಿದ. ಅವನದು ಫೆವಿಕಾಲ್.

ನಾವು: ನಿಮ್ಮ ಅಧಿಕಾರವೇನು?

ನೋಟಿಸು: ಕೆಲಸ ನಿಲ್ಲಿಸು ಅನ್ನಬಹುದು. ಕಟ್ಟಿ ಮುಗಿದು ಹನ್ನೆರಡು ತಿಂಗಳೊಳಗಾದರೆ ಕೆಡವು ಅನ್ನಬಹುದು. ಅದಕ್ಕೇ ಹಸಿರು ಬಲೆಯೊಳಗೆ ಗಡಿಬಿಡಿಯಲ್ಲಿ ಮುಗಿಸಿ, ಹಾಲುಕ್ಕಿಸಿ, ತಿಂಗಳು ಎಣಿಸುತ್ತಾರೆ. ಕೆಡವಿಸುವ ಬದಲು ಬೋರ್ಡಿಗೆ ಸರಿಕಂಡಷ್ಟು ಹಣ ಕಟ್ಟಿಸಿಕೊಂಡು ರಾಜಿಯಾಗುವ ದಾರಿಯೂ ನನ್ನ ಕಲಮಿನಲ್ಲೇ ಇದೆ. 1817ರಲ್ಲಿ ಪೇಶ್ವೆಯ ಸೈನ್ಯ ಒಂದೇ ದಿನದಲ್ಲಿ ಸೋತ ಊರಿದು. ಮೂರನೇ ಮಹಡಿ ಸೋತದ್ದನ್ನು ಮಾತ್ರ ನಾನು ಕಂಡಿಲ್ಲ.

ನಾವು: ಮೆಟ್ಟಿಲಿನ ದೂರು ಯಾರಿಗೆ?

ನೋಟಿಸು: ಇತ್ತ ಬೋಪೋಡಿ ಪುಣೆ ಪಾಲಿಕೆಯದು. ಮುಳಾ ದಾಟಿದರೆ ದಾಪೋಡಿ, ಅದು ಪಿಂಪ್ರಿ-ಚಿಂಚವಡದ್ದು. ನಡುವೆ ಕಂಟೋನ್ಮೆಂಟ್ ಬೋರ್ಡು. ಜಮೀನೇ ರಕ್ಷಣಾ ಇಲಾಖೆಯದಾದರೆ ಡಿಫೆನ್ಸ್ ಎಸ್ಟೇಟ್ಸ್ ಕಚೇರಿ. ಎಲ್ಲರೂ ಮರ್ಯಾದಸ್ಥರು, ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈಹಾಕುವುದಿಲ್ಲ.

ನಾವು: ವಾರ್ಡಿನ ಸದಸ್ಯರನ್ನಾದರೂ ಬೈದುಕೊಳ್ಳೋಣ ಅಂದರೆ, 2023ರ ಏಪ್ರಿಲ್ 30ಕ್ಕೆ ನಿಗದಿಯಾಗಿದ್ದ ಬೋರ್ಡಿನ ಚುನಾವಣೆ ಮಾರ್ಚಿನಲ್ಲೇ ರದ್ದಾಯಿತು. ಈಗ ಕಂಟೋನ್ಮೆಂಟನ್ನೇ ಪುಣೆ ಪಾಲಿಕೆಗೆ ಸೇರಿಸುವ ಮಾತು. ಸೇರಿದರೆ ಫುಟ್‌ಪಾತ್...

ನೋಟಿಸು: ಸೇರಿದರೆ ಅಂಟು ಯಾರ ಬಜೆಟ್ಟಿನಿಂದ?

ನಾವು: (ನಕ್ಕು) ಅಂಟು ಬಿಡಿ, ಮಾರಾಯರೇ! ಮುದುಕರು ಬಸ್ಸಿನ ದಾರಿಗೇ ಇಳಿದು ನಡೆಯಬೇಕು, ಅದೂ ಒಂದು ಮೆಟ್ಟಿಲಿಗಾಗಿ...

ನೋಟಿಸು: ನಗಬೇಡಿ. 2013ರ ಏಪ್ರಿಲ್, ಠಾಣೆ ಜಿಲ್ಲೆಯ ಮುಂಬ್ರಾ. ಮೇಲೆ ಕಟ್ಟುತ್ತಲೇ ಇದ್ದರು, ಕೆಳಗೆ ಸಂಸಾರ ಹೂಡಿಸಿದ್ದರು. ಅಕ್ರಮ ಕಟ್ಟಡ ಕುಸಿದು 74 ಜನ ಸತ್ತರು. 2024ರ ಅಕ್ಟೋಬರ್ 22, ನಿಮ್ಮ ಬೆಂಗಳೂರಿನ ಬಾಬುಸಾಪಾಳ್ಯ. ಕಟ್ಟುತ್ತಿದ್ದ ಕಟ್ಟಡ ಬಿದ್ದು ಒಂಬತ್ತು ಜನ ಹೋದರು. ಪಾಲಿಕೆಯವರು ಹೇಳಿದ್ದೇನು? ಮೊದಲೇ ನೋಟಿಸು ಕೊಟ್ಟಿದ್ದೆವು ಅಂತ. ಕೇಳಿದಿರಾ? ಗೋಡೆ ಏಳುವಾಗ ನನ್ನತ್ತ ಕಣ್ಣೆತ್ತಿಯೂ ನೋಡದವರು, ಬಿದ್ದ ಮೇಲೆ ಕ್ಯಾಮೆರಾ ಮುಂದೆ ನನ್ನನ್ನೇ ಎತ್ತಿ ಹಿಡಿಯುತ್ತಾರೆ. ಫೈಲಿನಲ್ಲಿ ನನ್ನದೊಂದು ಪ್ರತಿ ಇದ್ದರೆ ಸಾಕು, ಸಾಹೇಬರ ಕೆಲಸ ಉಳಿಯಿತು. ನನ್ನನ್ನು ಅಚ್ಚು ಹಾಕಿಸುವುದೇ ಅದಕ್ಕೆ.

ನಾವು: ಮಾಲೀಕರ ಕೈಗಾದರೂ ಮುಟ್ಟಿತ್ತೇ?

ನೋಟಿಸು: ಮುಟ್ಟುವುದು ಅವರಿಗೊಬ್ಬರಿಗೇ. ಗಾರೆ ಹೊರುವವನ ಹೆಸರಿಗೆ ಒಂದು ನೋಟಿಸು ಹೋದದ್ದು ಎಲ್ಲಾದರೂ ಕೇಳಿದ್ದೀರಾ? ಈ ಕಂಬ ಇಷ್ಟು ಭಾರ ತಡೆಯುವುದಿಲ್ಲ ಕಣಪ್ಪ, ಇಳಿ ಅಂತ ಅವನಿಗೆ ಹೇಳುವ ಕಲಂ ನನ್ನಲ್ಲಿಲ್ಲ. ಮೇಲೆ ನೋಡಿ, ಸ್ಲ್ಯಾಬಿಗೆ ಸರಳು ಕಟ್ಟುತ್ತಿದ್ದಾರೆ. ವಿಜಯಪುರ, ಕಲಬುರಗಿ ಕಡೆಯ ಹುಡುಗರು. ಮೆಟ್ಟಿಲು ಆಮೇಲೆ ಅಳೆಯುವಿರಂತೆ. ಕನ್ನಡ ಬರುತ್ತದಲ್ಲ ನಿಮಗೆ? ಹತ್ತಿ ಹೋಗಿ, ನನ್ನನ್ನು ಅವರಿಗೆ ಓದಿ ಹೇಳಿ.