ಡೇರೆ ತಿಂದ ಮಹಾಶಯರೊಡನೆ ಸಂದರ್ಶನ

ಹುಲ್ಲುಕಡ್ಡಿಗಳನ್ನು ಸಕ್ಕರೆಯಾಗಿ ಕರಗಿಸಬಲ್ಲ ಕಿಣ್ವಗಳನ್ನು ಲೋಕದ ಅನೇಕ ಕಾರ್ಖಾನೆಗಳಿಗೆ ಒದಗಿಸುತ್ತಿರುವ ಟ್ರೈಕೋಡರ್ಮಾ ರೀಸೈ ಎಂಬ ಶಿಲೀಂಧ್ರಮಹಾಶಯರು, ಉಕ್ಕಿನ ದೊಡ್ಡ ಹಂಡೆಯೊಂದರೊಳಗೆ, ಗಾಳಿಯೂದುವ ಯಂತ್ರದ ಮೊರೆತದ ನಡುವೆ, ನಮಗೆ ದರ್ಶನವಿತ್ತರು.

ಪ್ರಶ್ನೆ: ನಮ್ಮ ಅಡಕೆ ತೋಟಗಳಲ್ಲಿ ಬೇವಿನ ಹಿಂಡಿಯೊಡನೆ ಬೆರೆಸಿ ಹಾಕುವ ಟ್ರೈಕೋಡರ್ಮಾ ತಮಗೇನಾಗಬೇಕು?

ಶಿಲೀಂಧ್ರ: ದಾಯಾದಿಗಳು. ಅವರದು ಕೃಷಿಸೇವೆ, ನನ್ನದು ಕಾರ್ಖಾನೆಯ ಊಳಿಗ.

ಪ್ರಶ್ನೆ: ಈ ಊಳಿಗ ದೊರೆತ ಬಗೆಯನ್ನು ಅರುಹಬೇಕು.

ಶಿಲೀಂಧ್ರ: ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಾಲೊಮನ್ ದ್ವೀಪಗಳಲ್ಲಿ ಬೀಡುಬಿಟ್ಟಿದ್ದ ಅಮೆರಿಕದ ಸೈನ್ಯದ ಹತ್ತಿಯ ಡೇರೆಗಳನ್ನು, ಯಾವ ಪಕ್ಷವನ್ನೂ ವಹಿಸದೆ, ಕೇವಲ ಹಸಿವಿನ ನಿಮಿತ್ತವಾಗಿ ಭಕ್ಷಿಸುತ್ತಿದ್ದೆನು. ನನ್ನನ್ನು ನಿವಾರಿಸುವ ಉಪಾಯವನ್ನು ಅರಸಹೊರಟ ಎಲ್ವಿನ್ ರೀಸ್, ಮೇರಿ ಮ್ಯಾಂಡೆಲ್ಸ್ ಮೊದಲಾದ ಪಂಡಿತರು, ಮ್ಯಾಸಚೂಸೆಟ್ಸಿನ ನೇಟಿಕ್ ಪ್ರಯೋಗಶಾಲೆಯಲ್ಲಿ ನನ್ನ ಪಚನಶಕ್ತಿಯನ್ನು ವರ್ಷಾನುಗಟ್ಟಲೆ ಪರೀಕ್ಷಿಸಿ, ಕಡೆಗೆ ಅಪರಾಧಿಯಲ್ಲಿಯೇ ಉಪಯೋಗವನ್ನು ಕಂಡರು. 1977ರಲ್ಲಿ ರೀಸರ ಹೆಸರನ್ನೇ ನನಗಿಟ್ಟರು. ಕಳ್ಳನಿಗೆ ಕಾವಲುಗಾರನ ನಾಮಧೇಯ ಸಂದ ನಿದರ್ಶನ ನಿಮ್ಮ ಪುರಾಣಗಳಲ್ಲಿಯೂ ವಿರಳವೇ ಸರಿ.

ಪ್ರಶ್ನೆ: ತಮ್ಮ ಕಾರ್ಯವಿಧಾನ?

ಶಿಲೀಂಧ್ರ: ಹತ್ತಿಯಲ್ಲಿಯೂ ಹುಲ್ಲಿನಲ್ಲಿಯೂ ಇರುವ ಸೆಲ್ಯುಲೋಸ್ ಎಂಬುದು ಗ್ಲೂಕೋಸಿನ ದೀರ್ಘವಾದ ಸರಪಣಿ. ನನ್ನ ಕಿಣ್ವಗಳಲ್ಲಿ ಒಂದು ಬಗೆಯದು ಅದನ್ನು ನಡುವೆ ಕತ್ತರಿಸುವುದು. ಇನ್ನೊಂದು ತುದಿಯಿಂದ ಎರಡೆರಡೇ ಕೊಂಡಿಗಳನ್ನು ಕಳಚುವುದು. ಮೂರನೆಯದು ಆ ಜೋಡಿಗಳನ್ನು ಒಡೆದು ಸಕ್ಕರೆಯಾಗಿಸುವುದು. 2008ರಲ್ಲಿ ನನ್ನ ವಂಶವಾಹಿಗಳನ್ನೆಲ್ಲ ಓದಿ ಪ್ರಕಟಿಸಿದವರು, ಇಷ್ಟು ಪ್ರಖ್ಯಾತನಾದವನಲ್ಲಿ ಈ ಕೆಲಸದ ವಂಶವಾಹಿಗಳು ಇತರ ಶಿಲೀಂಧ್ರಗಳಿಗಿಂತಲೂ ಕಡಮೆಯೆಂದು ಬೆರಗಾದರು. ಆದರೂ ಕಾರ್ಖಾನೆಯ ತಳಿಗಳು ಲೀಟರಿಗೆ 100 ಗ್ರಾಮಿಗೂ ಮಿಗಿಲಾಗಿ ಪ್ರೋಟೀನನ್ನು ಸ್ರವಿಸುವುವು.

ಪ್ರಶ್ನೆ: ಹೀಗಿರಲು ಯಜಮಾನರಿಗೆ ಅಸಮಾಧಾನವೇಕೆ?

ಶಿಲೀಂಧ್ರ: ಯಜಮಾನರಾದ್ದರಿಂದ. ನನ್ನ ಕಿಣ್ವಗಳು 50 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಚುರುಕಾಗಿ ದುಡಿಯುವುವು. ಬಿಸಿ ಬಹಳ ಏರಿತೆಂದರೆ ಪ್ರೋಟೀನಿನ ಮಡಿಕೆಗಳು ಬಿಚ್ಚಿಹೋಗಿ ನಿಷ್ಪ್ರಯೋಜಕವಾಗುವುವು. ಆದರೆ ಕಿಣ್ವ ತಾಳಿಕೊಂಡರೆ, ಶಾಖ ಹೆಚ್ಚಿದಷ್ಟೂ ಕ್ರಿಯೆ ಶೀಘ್ರವಾಗುವುದು, ಹುಲ್ಲಿನ ಗಟ್ಟಿ ರಾಡಿ ತೆಳುವಾಗುವುದು, ಸಕ್ಕರೆಗೆ ಬಾಯ್ಹಾಕುವ ಬ್ಯಾಕ್ಟೀರಿಯಗಳು ದೂರವುಳಿಯುವುವು. ಆದಕಾರಣ ಇನ್ನೂ ಬಿಸಿ ತಾಳಬೇಕೆಂದು ಅವರ ಆಗ್ರಹ.

ಪ್ರಶ್ನೆ: ಅದಕ್ಕೆ ಮಾಡಿದ ಉಪಾಯ?

ಶಿಲೀಂಧ್ರ: ದತ್ತುಸ್ವೀಕಾರ. ಬಿಸಿಯಲ್ಲಿಯೇ ಬೆಳೆಯುವ ರಸಾಮ್ಸೋನಿಯಾ ಎಮರ್ಸೋನೀ ಮೊದಲಾದ ಶಿಲೀಂಧ್ರಗಳ ವಂಶವಾಹಿಯನ್ನು ತಂದು, ನನ್ನ ಮುಖ್ಯ ಕಿಣ್ವದ ವಂಶವಾಹಿಯಿದ್ದ ಸ್ಥಾನದಲ್ಲಿ ಕೂರಿಸಿ, ನನ್ನದೇ ಪ್ರಬಲವಾದ ಪ್ರಚೋದಕ ಭಾಗದ ಅಧೀನಕ್ಕೆ ಒಪ್ಪಿಸುವರು. ಮತ್ತೆ ಕೆಲವರು ನನ್ನ ಸ್ವಂತ ಕಿಣ್ವದ ಅಮೈನೋ ಆಮ್ಲಗಳನ್ನು ಬದಲಿಸಿ, ಗಂಧಕದ ಬಂಧಗಳನ್ನು ಹೆಚ್ಚಿಸಿ, ಮಡಿಕೆಗಳನ್ನು ಬಿಗಿಗೊಳಿಸುವರು. ವಿನೋದವೆಂದರೆ, ಬಿಸಿ ತಾಳುವುದು ಕಿಣ್ವ ಮಾತ್ರ. ನಾನಾದರೋ 30 ಡಿಗ್ರಿಯ ಸುತ್ತಮುತ್ತಲ ತಂಪಿನಲ್ಲಿಯೇ ಬೆಳೆಯತಕ್ಕವನು. ನನ್ನನ್ನು ತಣ್ಣಗಿರಿಸಲು ನೀರನ್ನು ಹರಿಸುವ ಯಜಮಾನರೇ ನನ್ನಿಂದ ಉಷ್ಣವೀರರನ್ನು ಹೆರಿಸಿಕೊಳ್ಳುತ್ತಾರೆ.

ಪ್ರಶ್ನೆ: ಅಂತೂ ಹುಲ್ಲಿನ ಸಕ್ಕರೆಯಿಂದ ಇಂಧನವನ್ನು ತೆಗೆದು ಅದರ ಕೊರತೆ ನೀಗಿತೆನ್ನೋಣವೆ?

ಶಿಲೀಂಧ್ರ: ಆತುರ ಬೇಡ. ಸಕ್ಕರೆಯನ್ನು ಎಥನಾಲ್ ಎಂಬ ಮದ್ಯಸಾರವಾಗಿಸುವ ಯೀಸ್ಟಿಗೂ ತಂಪೇ ಪ್ರಿಯ. ಕಾಯಿಸಿದ್ದನ್ನು ಮತ್ತೆ ಆರಿಸಬೇಕು. ಸೆಲ್ಯುಲೋಸನ್ನು ಅಪ್ಪಿಕೊಂಡಿರುವ ಲಿಗ್ನಿನ್ ಎಂಬ ಗಡಸು ವಸ್ತು ನನ್ನ ಕಿಣ್ವಗಳಿಗೆ ಸುಲಭವಾಗಿ ದಾರಿ ಬಿಡದು. ಹುಲ್ಲನ್ನು ಮೊದಲೇ ಆಮ್ಲದಿಂದಲೋ ಹಬೆಯಿಂದಲೋ ಹದಗೊಳಿಸಬೇಕು. 2022ರಲ್ಲಿ ಹರಿಯಾಣದ ಪಾಣಿಪತ್ತಿನಲ್ಲಿ, ವರ್ಷಕ್ಕೆ ಸುಮಾರು 2 ಲಕ್ಷ ಟನ್ ಭತ್ತದ ಹುಲ್ಲಿನಿಂದ 3 ಕೋಟಿ ಲೀಟರು ಎಥನಾಲನ್ನು ತೆಗೆಯುವ ಉದ್ದೇಶದ ಸ್ಥಾವರವೊಂದು ಉದ್ಘಾಟನೆಗೊಂಡಿತು. ಆ ಬಳಿಕವೂ ಆ ಸೀಮೆಯ ರೈತರು ಕೊಯ್ಲಾದ ಮೇಲೆ ಉಳಿದ ಹುಲ್ಲನ್ನು ಹೊಲದಲ್ಲಿಯೇ ಸುಡುವುದು ನಿಂತಿಲ್ಲ.

ಪ್ರಶ್ನೆ: ಓದುಗರಿಗೆ ತಮ್ಮ ಸಂದೇಶ?

ಶಿಲೀಂಧ್ರ: ನನ್ನ ವಂಶವಾಹಿಗಳನ್ನು ಎಷ್ಟಾದರೂ ತಿದ್ದಿರಿ, ಅಡ್ಡಿಯಿಲ್ಲ. ಆದರೆ ಹೊಲದ ಹುಲ್ಲನ್ನು ಕಟ್ಟಿ ಕಾರ್ಖಾನೆಗೆ ಸಾಗಿಸುವ ಕೂಲಿ ರೈತನಿಗೆ ಗಿಟ್ಟುವಂತೆ ಬೆಲೆ ಕೊಡಿರಿ. ಆ ಲೆಕ್ಕವನ್ನು ಸರಿಪಡಿಸುವ ಕಿಣ್ವ ನನ್ನಲ್ಲಿಲ್ಲ.