ಬ್ಯಾಟರಿ ಅಲ್ಲ ಕಣೋ ಪುಟ್ಟ!

ಶೇ. 20ರಷ್ಟು ಎಥೆನಾಲ್ ಬೆರೆಸಿದ ಇ20 ಪೆಟ್ರೋಲಿನ ಗಲಾಟೆಯ ಬಗ್ಗೆ ಎಲ್ಲರೂ ಮಾತಾಡಿದ್ದಾರೆ. ಮಂತ್ರಿಗಳು ಮಾತಾಡಿದರು, ಕಾರು ಕಂಪನಿಯವರು ಮೊದಲು ಒಂದು ಮಾತಾಡಿ ಆಮೇಲೆ ಇನ್ನೊಂದು ಮಾತಾಡಿದರು, ವಾಟ್ಸಾಪಿನ ವಿಜ್ಞಾನಿಗಳಂತೂ ಬಿಡಿ. ಕುಡಿದವರನ್ನು ಮಾತ್ರ ಯಾರೂ ಕೇಳಲಿಲ್ಲ. ಹಾಗಾಗಿ ಮೈಸೂರಿನ ನಮ್ಮ ಮನೆಯ ಶೀಟಿನ ಕೆಳಗೆ ಹದಿನಾಲ್ಕು ತಿಂಗಳಿಂದ ಕದಲದೆ ನಿಂತಿರುವ, ಅಪ್ಪ 1997ರಲ್ಲಿ ಕೊಂಡ ಮಾರುತಿ 800ನ್ನೇ ಸಂದರ್ಶನಕ್ಕೆ ಕೇಳಿಕೊಂಡೆ. ಬಾನೆಟ್ ಎತ್ತಿಟ್ಟುಕೊಂಡೇ ಮಾತಾಡಿತು. ಪಕ್ಕದ ಮನೆಯ ನಿವೃತ್ತ ಇಂಜಿನಿಯರ್ ಕಾಂಪೌಂಡಿನ ಮೇಲಿಂದ ಇಣುಕುತ್ತಿದ್ದರು.

ನಾನು: ನಮಸ್ಕಾರ. ಹೇಗಿದ್ದೀರಿ?

ಕಾರು: ಹೇಗಿದ್ದೀನಿ ಅಂತ ಕೇಳೋಕೆ ಹದಿನಾಲ್ಕು ತಿಂಗಳು ಬೇಕಾಯ್ತೇನೋ ಪುಟ್ಟ? ಹೋಗ್ಲಿ. ಬ್ಯಾಟರಿ ಅಂತ ಮಾತ್ರ ಅನ್ನಬೇಡ.

ನಾನು: ನಾನು ಅಂದೇ ಇಲ್ಲವಲ್ಲ!

ಕಾರು: ಅಂತೀಯ. ಎಲ್ಲರೂ ಅಂತಾರೆ. ಆ ಕಾಂಪೌಂಡ್ ಮೇಲಿರೋರು ಅಂದ್ರು. ಹಾಲಿನವನು ಅಂದ. ಹಾಲಿನವನಿಗೂ ನನಗೂ ಏನೋ ಸಂಬಂಧ? ನಿನ್ನ ಭಾವಮೈದ ಬೆಂಗಳೂರಿಂದ ವಿಡಿಯೋ ಕಾಲ್ ಮಾಡಿ, ನನ್ನ ಮುಖ ಕೂಡ ನೋಡದೆ, ‘ಬ್ಯಾಟರಿ ಡೌನ್ ಆಗಿದೆ, ಜಂಪ್ ಕೊಡಿ’ ಅಂದ. ಕೊಟ್ರಿ. ಆಗಲಿಲ್ಲ. ಹೊಸ ಬ್ಯಾಟರೀನೇ ತಂದು ಹಾಕಿದ್ರಿ. ಸೆಲ್ಫ್ ಗರಗರ ಅಂತ ಗಿರಣಿ ಥರ ತಿರುಗ್ತು, ಇಂಜಿನ್ ಕಚ್ಚಲಿಲ್ಲ. ಸೆಲ್ಫ್ ಅಷ್ಟು ಜೋರಾಗಿ ತಿರುಗ್ತಾ ಇದ್ರೆ ಬ್ಯಾಟರಿ ಗಟ್ಟಿಯಾಗಿದೆ ಅಂತ ತಾನೇ ಅರ್ಥ? ಟಕ್ ಟಕ್ ಅಂದು ಸುಮ್ಮನಾದ್ರೆ ಬ್ಯಾಟರಿ. ತಿರುಗಿಯೂ ಹತ್ತದೇ ಇದ್ರೆ ಬೇರೆ ಏನೋ. ನಿಮ್ಮಪ್ಪನಿಗೆ ಇದು ಗೊತ್ತಿತ್ತು. ನೀನು ಮಾತ್ರ ಅರ್ಧ ಗಂಟೆ ಕೀ ತಿರುಗಿಸಿದ್ದೇ ತಿರುಗಿಸಿದ್ದು, ಸೆಲ್ಫ್ ಮೋಟರ್ ಕಾದು ಕೆಂಡ ಆಯ್ತು.

ನಾನು: ಬ್ಯಾಟರಿ ಬಿಡಿ, ಕಬ್ಬಿನ ವಿಷಯಕ್ಕೆ ಬರೋಣ. ನಿಮ್ಮ ಟ್ಯಾಂಕಿನಲ್ಲಿರುವ ಎಥೆನಾಲ್ ಒಂದು ಕಾಲಕ್ಕೆ ಆಲೆಮನೆಗೆ ಹೋಗಬೇಕಾಗಿದ್ದ ಕಬ್ಬು. ಮಂಡ್ಯ ಕಡೆ ರಾತ್ರಿ ಬಸ್ಸಿನಲ್ಲಿ ಹೋದರೆ ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ವಾಸನೆ ಕಿಟಕಿಯಿಂದ ಒಳಗೆ ಬರುತ್ತಿತ್ತು. ಈಗ ಅಂಗಡಿಯಲ್ಲಿ ಸಿಗುವುದು ಕೆಮಿಕಲ್ ಹಾಕಿ ಹಳದಿ ಮಾಡಿದ ಅಚ್ಚು. ಕಪ್ಪು ಬೆಲ್ಲ ಕೇಳಿದರೆ ಅಂಗಡಿಯವನು ನನ್ನನ್ನೇ ಅನುಮಾನದಿಂದ ನೋಡುತ್ತಾನೆ. ಇದರ ಬಗ್ಗೆ ನಿಮ್ಮ ಅಭಿಪ್ರಾಯ?

ಕಾರು: ಬೆಲ್ಲದ ಬಗ್ಗೆ ನನಗೇನೋ ಅಭಿಪ್ರಾಯ? ಅದೂ ಅಲ್ದೆ ಈಗ ಎಥೆನಾಲ್ ಅಂದ್ರೆ ಬರೀ ಕಬ್ಬಲ್ಲ. ಮೆಕ್ಕೆಜೋಳದಿಂದ, ಅಕ್ಕಿಯಿಂದಲೂ ಮಾಡ್ತಾರೆ. ಹಾವೇರಿ ಕಡೆಯವರನ್ನ ಕೇಳು.

ನಾನು: ಜೋಳದಲ್ಲಿ ಬೆಲ್ಲ ಆಗುವುದಿಲ್ಲ.

ಕಾರು: ನಾನು ಹೇಳೋದು ಬ್ಯಾಟರಿ...

ನಾನು: ಇಲಿ ವಿಷಯ ಕೇಳಲೇ? ಏರ್ ಫಿಲ್ಟರಿನ ಡಬ್ಬಿಯಲ್ಲಿ ಸಂಸಾರ ಹೂಡಿದೆ. ಮತ್ತೆ ನಿಮ್ಮ ಆರ್‌ಸಿ? ಇಪ್ಪತ್ತು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಫೀಸು 2025ರ ಆಗಸ್ಟಿನಿಂದ 10,000 ರೂಪಾಯಿ.

ಕಾರು: ಇಲಿ ಒಳ್ಳೇದು, ಮರಿ ಹಾಕಿದೆ. ಫೀಸು ನಿನ್ನ ತಲೆನೋವು. ಹೊಸ ಬ್ಯಾಟರಿ ತಂದ ದಿನ ಬ್ಯಾಟರಿ ಅಂಗಡಿ ಹುಡುಗ ಹಳೇದನ್ನ ಎಕ್ಸ್‌ಚೇಂಜ್‌ಗೆ ಅಂತ ತಗೊಂಡು ಹೋದ ನೋಡು, ಅದು ಚೆನ್ನಾಗೇ ಇತ್ತು. ಚಾರ್ಜ್ ಹಾಕಿದ್ರೆ ಸಾಕಿತ್ತು. ಅದಕ್ಕೆ ಒಂದು ಮಾತು ಹೇಳೋಕೂ ಆಗಲಿಲ್ಲ ನನಗೆ.

(ಇಲ್ಲಿ ಸಂದರ್ಶನಕ್ಕೆ ಐದು ನಿಮಿಷ ಬಿಡುವು ಕೊಡಬೇಕಾಯಿತು. ಅಷ್ಟರಲ್ಲಿ ಮೆಕ್ಯಾನಿಕ್ ಹುಡುಗ ಬಂದ. ಅವನು ಬ್ಯಾಟರಿ ಅನ್ನಲಿಲ್ಲ. ಟ್ಯಾಂಕಿನ ಮುಚ್ಚಳ ತೆಗೆದು ಮೂಗಿಟ್ಟು, ‘ಪೇಂಟ್ ಅಂಗಡಿ ವಾಸನೆ ಸಾರ್’ ಅಂದ. ಒಂದು ಪ್ಲಗ್ ಬಿಚ್ಚಿ ಬಾಡಿಗೆ ತಾಗಿಸಿ ಸೆಲ್ಫ್ ಹೊಡೆಸಿದ. ನೀಲಿ ಕಿಡಿ ಬಂತು. ಅಂದರೆ ಕರೆಂಟ್ ಇದೆ. ಆಮೇಲೆ ಕಾರ್ಬೊರೇಟರಿನ ಬಾಯಿಗೆ ತನ್ನ ಬಾಟಲಿಯಿಂದ ಎರಡು ಮುಚ್ಚಳ ಹೊಸ ಪೆಟ್ರೋಲ್ ಹುಯ್ದು ಹೊಡೆಸಿದ. ಎರಡು ಸೆಕೆಂಡು ಗುರ್ರ್ ಎಂದು ಹತ್ತಿ ಮತ್ತೆ ನಿಂತಿತು. ಹದಿನಾಲ್ಕು ತಿಂಗಳಲ್ಲಿ ಮೊದಲ ಉಸಿರು.)

ಕಾರು: ನೋಡಿದ್ಯಾ? ಕೊಟ್ರೆ ಕುಡೀತೀನಿ. ಹಳಸಿದ್ದನ್ನ ಕುಡಿ ಅಂದ್ರೆ ಯಾರು ಕುಡೀತಾರೆ? ಪೆಟ್ರೋಲೂ ಸಾರಿನ ಥರಾನೇ ಕಣೋ. ಬೇಗ ಆವಿಯಾಗಿ ಬೆಂಕಿ ಹತ್ತೋ ಹಗುರ ಅಂಶ ಮೊದಲು ಹಾರಿ ಹೋಗುತ್ತೆ, ಉಳಿದದ್ದು ಗಾಳಿ ತಾಗಿ ತಾಗಿ ಅಂಟು ಕಟ್ಟುತ್ತೆ. ಆ ಅಂಟು ಹೋಗಿ ಕೂತ್ಕೊಳ್ಳೋದು ಕಾರ್ಬೊರೇಟರಿನ ಜೆಟ್‌ನಲ್ಲಿ. ಅದರ ತೂತು ಎಷ್ಟು ಸಣ್ಣದು ಗೊತ್ತಾ? ಸೂಜಿ ಮೊನೆ ಹೋದ್ರೆ ಹೆಚ್ಚು.

ನಾನು: ಎಥೆನಾಲಿನಿಂದಲೇ ತಾನೇ ಇದೆಲ್ಲ?

ಕಾರು: ಶುರು ಮಾಡಿದ್ಯಾ? ಎಲ್ಲಾ ಅದರ ತಲೆಗೆ ಕಟ್ಟಬೇಡ. ಬರೀ ಪೆಟ್ರೋಲಾದ್ರೂ ವರ್ಷ ದಾಟಿದ್ರೆ ಹೀಗೇ. ಎಥೆನಾಲ್‌ಗೆ ಇನ್ನೂ ಒಂದು ಚಾಳಿ ಅಷ್ಟೆ, ನೀರು ಕಂಡ್ರೆ ಬಿಡಲ್ಲ. ಟ್ಯಾಂಕ್ ಅರ್ಧ ಖಾಲಿ ಇಟ್ಟಿದ್ದೆ ನೀನು. ಹಗಲು ಕಾಯುತ್ತೆ, ರಾತ್ರಿ ತಣ್ಣಗಾಗುತ್ತೆ, ಒಂದೊಂದು ಸಲಕ್ಕೂ ಮಳೆಗಾಲದ ತೇವದ ಗಾಳಿ ಒಳಗೆ. ನೀರು ಮಿತಿ ಮೀರಿದ್ರೆ ಎಥೆನಾಲೂ ನೀರೂ ಕೈ ಹಿಡ್ಕೊಂಡು ಪೆಟ್ರೋಲ್ ಬಿಟ್ಟು ತಳಕ್ಕೆ ಇಳಿಯುತ್ತೆ. ನನ್ನ ಪೈಪು ಹೀರೋದು ತಳದಿಂದ. ಜೊತೆಗೆ ಇಷ್ಟು ವರ್ಷ ಟ್ಯಾಂಕಿನ ಗೋಡೆಗೆ ಅಂಟಿಕೊಂಡಿದ್ದ ಕಸರನ್ನೆಲ್ಲ ಎಬ್ಬಿಸಿ ಫಿಲ್ಟರಿಗೆ ತಂದು ತುಂಬುತ್ತೆ. ಅದೆಲ್ಲ ನಿಜ. ಆದ್ರೆ ವಾರಕ್ಕೊಂದು ಸಲ ಚಾಮುಂಡಿ ಬೆಟ್ಟಕ್ಕೆ ಕರ್ಕೊಂಡು ಹೋಗಿದ್ರೆ ಇದು ಯಾವುದೂ ಆಗ್ತಿರಲಿಲ್ಲ. ತಪ್ಪು ನಿಂದು.

ನಾನು: ಒಪ್ಪಿದೆ. ನಿಲ್ಲಿಸಿದ್ದು ನನ್ನ ತಪ್ಪು. ಆದರೆ ಟ್ಯಾಂಕಿಗೆ ಏನು ಹಾಕಿಸುತ್ತಿದ್ದೇನೆ ಎಂದು ನನಗೆ ಯಾರಾದರೂ ಹೇಳಿದ್ದರೇ? 2023ರ ಫೆಬ್ರುವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಇ20ಗೆ ಚಾಲನೆ ಕೊಟ್ಟಾಗ ಇಡೀ ದೇಶದಲ್ಲಿ ಅದು ಸಿಗುತ್ತಿದ್ದದ್ದು 84 ಬಂಕ್‌ಗಳಲ್ಲಿ. ಬೇಕಾದವರು ಹಾಕಿಸಿಕೊಳ್ಳಬಹುದಿತ್ತು. ಎರಡೂವರೆ ವರ್ಷದೊಳಗೆ ‘ಬೇಕಾದವರು’ ಎನ್ನುವ ಮಾತೇ ಹೋಯಿತು. 2021ರಲ್ಲಿ ನೀತಿ ಆಯೋಗ ತಾನೇ ಬರೆಸಿದ ವರದಿಯಲ್ಲಿ ಎರಡು ಮಾತು ಸ್ಪಷ್ಟವಾಗಿತ್ತು: ಹಳೇ ಗಾಡಿಗಳಿಗಾಗಿ ಇ10 ಸಿಗುತ್ತಲೇ ಇರಬೇಕು, ಎಥೆನಾಲಿನಲ್ಲಿ ಕಸುವು ಕಡಿಮೆ, ಆದ್ದರಿಂದ ಬೆರೆಸಿದ ಪೆಟ್ರೋಲಿನ ಬೆಲೆಯೂ ಕಡಿಮೆ ಇರಬೇಕು. ಎರಡೂ ಆಗಲಿಲ್ಲ. ಹಳೇ ಕಾರಿನ ಮೈಲೇಜ್ ಶೇ. 6–7ರಷ್ಟು ಬೀಳುತ್ತದೆ ಎಂದು ಅದೇ ವರದಿ ಅಂದಾಜು ಮಾಡಿತ್ತು. ಅದು ಮಾತ್ರ ನಮ್ಮ ಪಾಲಿಗೆ ಬಂತು. ರಬ್ಬರಿನ ಕೆಲವು ಭಾಗಗಳನ್ನು ಬೇಗ ಬದಲಿಸಬೇಕಾಗಬಹುದು, ಅದೇನು ದೊಡ್ಡ ಖರ್ಚಲ್ಲ, ಸರ್ವಿಸ್ ಹೊತ್ತಿನಲ್ಲಿ ಮುಗಿಯುತ್ತದೆ ಎಂದರು ಸರ್ಕಾರದವರು. ಯಾರಿಗೆ ದೊಡ್ಡ ಖರ್ಚಲ್ಲ? ನನಗೆ ಅಲ್ಲದಿರಬಹುದು, ನಾನು ಕಾರಿನ ಬಗ್ಗೆ ಬರೆದೂ ನಾಲ್ಕು ಕಾಸು ಸಂಪಾದಿಸುತ್ತೇನೆ. ಬೆಳಿಗ್ಗೆ ಆರಕ್ಕೆ ಹಳೇ ಬೈಕಿನಲ್ಲಿ ಹೆಂಡತಿಯನ್ನೂ ಬಾಣಲೆಯನ್ನೂ ಕೂರಿಸಿಕೊಂಡು ಗಾರೆ ಕೆಲಸಕ್ಕೆ ಹೋಗುವವನಿಗೆ? ಅವನಿಗೆ ದಾರಿಯಲ್ಲಿ ಗಾಡಿ ನಿಂತರೆ ಅವತ್ತಿನ ಕೂಲಿ ಹೋಯಿತು. ಎಥೆನಾಲ್ ಬೇಡವಾದರೆ ನೂರು ಆಕ್ಟೇನ್ ಪೆಟ್ರೋಲ್ ಹಾಕಿಸಿಕೊಳ್ಳಿ ಅನ್ನುವವರಿದ್ದಾರೆ. ಲೀಟರಿಗೆ ನೂರೈವತ್ತು ದಾಟುವುದನ್ನು ಅವನು ಹಾಕಿಸಬೇಕೇ? ಕೋರ್ಟಿಗೆ ಹೋದವರ ಅರ್ಜಿ 2025ರ ಸೆಪ್ಟೆಂಬರ್ 1ರಂದು ವಜಾ ಆಯಿತು. ಇದೆಲ್ಲ ರೈತರಿಗಾಗಿ ಎಂದು ಒಬ್ಬರಾದ ಮೇಲೆ ಒಬ್ಬರು ಹೇಳಿದರು. ಅದೇ ವರ್ಷದ ನವೆಂಬರಿನಲ್ಲಿ ಬೆಳಗಾವಿಯ ಗುರ್ಲಾಪುರದ ರಸ್ತೆಯಲ್ಲಿ ದಿನಗಟ್ಟಲೆ ಕೂತಿದ್ದವರು ಯಾರು ಹಾಗಾದರೆ? ಟನ್ ಕಬ್ಬಿಗೆ 3,500 ಕೇಳಿ 3,300ಕ್ಕೆ ಎದ್ದು ಹೋದವರು?

ಕಾರು: ಇದರಲ್ಲಿ ಪ್ರಶ್ನೆ ಎಲ್ಲಿದೆ ಪುಟ್ಟ?

ನಾನು: ಇಲ್ಲ.

(ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಹುಡುಗ ಟ್ಯಾಂಕ್ ಖಾಲಿ ಮಾಡಿ ಹಳೇ ಪೆಟ್ರೋಲನ್ನು ಕ್ಯಾನಿಗೆ ಇಳಿಸಿದ. ಕಡುಚಹಾದ ಬಣ್ಣ. ಚೆಲ್ಲಲು ಬಿಡಲಿಲ್ಲ, ‘ಪಾರ್ಟ್ಸ್ ತೊಳೆಯೋಕೆ ಆಗುತ್ತೆ ಸಾರ್’ ಎಂದು ತನ್ನ ಸ್ಕೂಟರಿಗೆ ಕಟ್ಟಿಕೊಂಡ. ಕಾರ್ಬೊರೇಟರ್ ಬಿಚ್ಚಿ, ಜೆಟ್‌ಗಳನ್ನು ತೊಳೆದು ಗಾಳಿ ಹೊಡೆದ. ಫಿಲ್ಟರ್ ಹೊಸದು, ಬಿರುಕು ಬಿಟ್ಟ ಪೆಟ್ರೋಲ್ ಪೈಪೂ ಹೊಸದು. ಇಲಿಮರಿಗಳನ್ನು ರಟ್ಟಿನ ಪೆಟ್ಟಿಗೆಗೆ ವರ್ಗಾಯಿಸಲಾಯಿತು. ತನ್ನ ಬಾಟಲಿಯಲ್ಲಿ ಉಳಿದಿದ್ದ ಅರ್ಧ ಲೀಟರನ್ನು ಟ್ಯಾಂಕಿಗೆ ಹುಯ್ದ.)

ನಾನು: ಕೊನೆಯ ಪ್ರಶ್ನೆ. ನಿಮ್ಮ ಪ್ರಕಾರ ಹೋಳಿಗೆಗೆ ಅಚ್ಚು ಬೆಲ್ಲವೋ ಉಂಡೆ ಬೆಲ್ಲವೋ?

ಕಾರು: ಚೋಕ್ ಎಳೆಯೋ.

ಚೋಕ್ ಎಳೆದು ಕೀ ತಿರುಗಿಸಿದೆ. ಮೂರನೇ ಸೆಲ್ಫಿಗೆ ಕೆಮ್ಮಿ, ಬಿಳಿ ಹೊಗೆ ಬಿಟ್ಟು, ಮೂರು ಸಿಲಿಂಡರೂ ಒಟ್ಟಿಗೆ ಹಿಡಿದವು. ಅದೇ ಹಳೇ ಸದ್ದು, ಹೊಲಿಗೆ ಯಂತ್ರದ ಹಾಗೆ. ಅಪ್ಪ ಇದ್ದಿದ್ದರೆ ಒಳಗಿನಿಂದ ‘ಚೋಕ್ ತಳ್ಳೋ’ ಎಂದು ಕೂಗುತ್ತಿದ್ದರು. ತಳ್ಳಿದೆ.

ಕಾರು: ಎಲ್ಲಿಗೆ ಈಗ?

ನಾನು: ಮದ್ದೂರು ಕಡೆ ಒಂದು ಆಲೆಮನೆ ಇನ್ನೂ ನಡೀತಿದೆಯಂತೆ. ಆದರೆ ಅರ್ಧ ಲೀಟರಿನಲ್ಲಿ ಅಷ್ಟು ದೂರ ಆಗೋದಿಲ್ಲ. ಮೊದಲು ಬಂಕಿಗೆ.

ಇಂಜಿನ್ ಆಫ್ ಆಯಿತು.

ಕಾಂಪೌಂಡಿನ ಮೇಲಿಂದ ಕೂಗು ಬಂತು: ‘ನಾನು ಅವತ್ತೇ ಹೇಳಲಿಲ್ವಾ ಸಾರ್, ಬ್ಯಾಟರೀದೇ ಪ್ರಾಬ್ಲಮ್ಮು!’